ಒಂದು ಚುಕ್ಕೆಯೂ ಕಳೆಯದಂತೆ ಚಿತ್ರದ ಫೈಲ್ ಚಿಕ್ಕದು ಮಾಡುವುದು ಹೇಗೆ?



ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಮನೆಯ ಹಳೆಯ ಕಾಗದಪತ್ರ ಎಲ್ಲವನ್ನೂ ಈಗ ನಾವು ಸ್ಕ್ಯಾನ್ ಮಾಡಿ ಇಟ್ಟುಕೊಳ್ಳುತ್ತೇವೆ. ಸ್ವಲ್ಪ ದಿನಕ್ಕೆ ಮೊಬೈಲ್ ಅಥವಾ ಪೆನ್‌ಡ್ರೈವ್ ತುಂಬುತ್ತದೆ. ಆಗ ಕೈಗೆ ಸಿಕ್ಕಿದ ಆ್ಯಪ್‌ನಲ್ಲಿ ಫೈಲ್ ಹಾಕಿ ಗಾತ್ರ ಇಳಿಸುತ್ತೇವೆ, ಮೂಲ ಫೈಲನ್ನು ಅಳಿಸಿಬಿಡುತ್ತೇವೆ. ನಾನೂ ಹಾಗೆಯೇ ಮಾಡಿದೆ. ಅದರಿಂದ ನಮ್ಮ ಮನೆಯ ಲೆಕ್ಕದಲ್ಲಿ 3,600 ರೂಪಾಯಿ ತಪ್ಪಾಯಿತು. ಆ ತಪ್ಪು ನಿಮ್ಮಿಂದ ಆಗಬಾರದು ಎಂದು ಈ ಪಾಠ ಬರೆಯುತ್ತಿದ್ದೇನೆ.

ನಾನು ಮಾಡಿದ ತಪ್ಪು

ಹೋದ ವರ್ಷ ನಮ್ಮ ದಾದಾ ತೀರಿಕೊಂಡರು. ಅವರಿಗೆ ಬಳೆ ಅಂಗಡಿ ಇತ್ತು. ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಎಂಬುದನ್ನೆಲ್ಲ ಒಂದು ನೋಟ್ ಪುಸ್ತಕದಲ್ಲಿ ಉರ್ದುವಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದರು. ತೀರಿದ ಸಾಲದ ಮೇಲೆ ಕೆಂಪು ಇಂಕಿನ ಗೆರೆ ಎಳೆಯುತ್ತಿದ್ದರು. ನಮ್ಮಲ್ಲಿ ತೀರಿಕೊಂಡವರ ಸಾಲ ತೀರಿಸಿದ ಮೇಲೆಯೇ ಆಸ್ತಿ ಹಂಚಬೇಕು. ಆದ್ದರಿಂದ ಅಬ್ಬಾಗೆ ಆ ಪುಸ್ತಕ ಬೇಕಾಯಿತು.

ಪುಸ್ತಕ ದಾವಣಗೆರೆಯಲ್ಲಿ ಚಾಚಾ ಮನೆಯಲ್ಲಿತ್ತು. ಮಳೆಗಾಲದಲ್ಲಿ ಮಾಡು ಸೋರಿ ಅದು ನೆನೆದು, ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಪುಣ್ಯಕ್ಕೆ ಚಾಚಾ ಮಗ ಮೊದಲೇ 64 ಪುಟಗಳನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇಟ್ಟಿದ್ದರು. ಎಲ್ಲವೂ ಬಿಎಂಪಿ ಫೈಲುಗಳು. ಒಂದೊಂದೂ 26 ಎಂಬಿ, ಒಟ್ಟು ಸುಮಾರು 1.7 ಜಿಬಿ. ನನ್ನ ಪೆನ್‌ಡ್ರೈವಿನಲ್ಲಿ ಉಳಿದಿದ್ದದ್ದು 1 ಜಿಬಿ ಮಾತ್ರ. ನಾನು ಯೋಚನೆ ಮಾಡದೆ ಎಲ್ಲ ಪುಟಗಳನ್ನು ಕಾಲು ಅಳತೆಗೆ ಇಳಿಸಿ, ಗುಣಮಟ್ಟ 20 ಎಂದು ಕೊಟ್ಟು ಜೆಪೆಗ್ ಮಾಡಿದೆ. ಎಲ್ಲ ಸೇರಿ ಕೆಲವೇ ಎಂಬಿ ಆಯಿತು. ನನಗೆ ಬಹಳ ಖುಷಿಯಾಯಿತು.

ಉರ್ದು ಅಂಕಿಗಳಲ್ಲಿ ಸೊನ್ನೆ ಎಂದರೆ ವೃತ್ತ ಅಲ್ಲ, ಒಂದು ಚುಕ್ಕೆ ಅಷ್ಟೇ. ಒಂದು ಪುಟದಲ್ಲಿ ದಾದಾ ಒಬ್ಬ ಹಿರಿಯ ವ್ಯಾಪಾರಿಗೆ ಕೊಡಬೇಕಾದ ಮೊತ್ತ ಇತ್ತು. ನಾಲ್ಕರ ಮುಂದೆ ಎರಡು ಚುಕ್ಕೆ ಕಂಡವು. ಅಬ್ಬಾ 400 ರೂಪಾಯಿ ತೆಗೆದುಕೊಂಡು ಹೋಗಿ ಕೊಟ್ಟು ಬಂದರು. ಆ ಹಿರಿಯರು ಏನೂ ಹೇಳದೆ ತೆಗೆದುಕೊಂಡರು. ರಾತ್ರಿ ಊಟದ ಹೊತ್ತಿಗೆ ಈ ಮಾತು ಬಂದಾಗ ದಾದಿ ತಟ್ಟೆಯಿಂದ ಕೈ ತೆಗೆದು, ಅದು ನಾಲ್ಕು ನೂರು ಅಲ್ಲ, ನಾಲ್ಕು ಸಾವಿರ ಇರಬೇಕು, ನನಗೆ ಹೇಳಿದ್ದರು ಎಂದರು.

ಚಾಚಾ ಮಗನಿಗೆ ಫೋನ್ ಮಾಡಿದೆವು. ಅವರು ಬಿಎಂಪಿ ಫೈಲುಗಳನ್ನು ಅಳಿಸಿರಲಿಲ್ಲ. ಆ ಪುಟವನ್ನು ತೆರೆದು ದೊಡ್ಡದು ಮಾಡಿ ನೋಡಿದರು. ಮೂರನೇ ಚುಕ್ಕೆ ಮಸುಕಾಗಿ ಅಲ್ಲೇ ಇತ್ತು. ನನ್ನ ಜೆಪೆಗ್‌ನಲ್ಲಿ ಅದು ಕಾಗದದ ಕಂದು ಕಲೆಯೊಂದಿಗೆ ಬೆರೆತು ಹೋಗಿತ್ತು. ಮರುದಿನ ಅಬ್ಬಾ ಉಳಿದ 3,600 ರೂಪಾಯಿ ಕೊಟ್ಟು ಕ್ಷಮೆ ಕೇಳಿದರು. ಆ ಹಿರಿಯರು, "ಮೊತ್ತ ನನಗೆ ನೆನಪಿತ್ತು. ಆದರೆ ಅವರ ಪುಸ್ತಕದಲ್ಲೇ ನಾನೂರು ಅಂತ ಇದೆ ಅಂದಮೇಲೆ ನಾನು ಏನು ಹೇಳಲಿ?" ಎಂದರಂತೆ.

ಪುಸ್ತಕದಲ್ಲಿ ಸರಿಯಾಗಿಯೇ ಇತ್ತು. ತಪ್ಪು ಮಾಡಿದ್ದು ನಾನು. ಆಮೇಲೆ ಕಂಪ್ಯೂಟರ್ ಸೈನ್ಸ್ ಓದುವ ಗೆಳೆಯರನ್ನು ಕೇಳಿ, ಲೈಬ್ರರಿಯಲ್ಲಿ ಓದಿ, ನಾನೇ ಮಾಡಿ ನೋಡಿ ಕಲಿತದ್ದನ್ನು ಮುಂದೆ ಹೇಳುತ್ತೇನೆ.

ಚಿತ್ರ ಎಂದರೆ ಅಂಕಿಗಳ ಪುಸ್ತಕ

ಸ್ಕ್ಯಾನ್ ಮಾಡಿದ ಚಿತ್ರ ಕಂಪ್ಯೂಟರಿಗೆ ಬರೀ ಅಂಕಿಗಳ ಪಟ್ಟಿ. ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಮಾಡುತ್ತಾರೆ. ಒಂದೊಂದು ಚೌಕಕ್ಕೆ ಪಿಕ್ಸೆಲ್ ಎಂದು ಹೆಸರು. ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂದು ಮೂರು ಅಂಕಿಗಳು. ಪ್ರತಿ ಅಂಕಿ 0ಯಿಂದ 255ರ ವರೆಗೆ ಇರುತ್ತದೆ, ಅದಕ್ಕೆ 1 ಬೈಟ್ ಜಾಗ ಬೇಕು. ಅಂದರೆ ಒಂದು ಪಿಕ್ಸೆಲ್‌ಗೆ 3 ಬೈಟ್.

ಎ4 ಹಾಳೆಯನ್ನು ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಅಗಲ 2,480 ಪಿಕ್ಸೆಲ್, ಎತ್ತರ 3,508 ಪಿಕ್ಸೆಲ್. ಗುಣಿಸಿ ನೋಡಿ:

2,480 × 3,508 = 86,99,840 ಪಿಕ್ಸೆಲ್
86,99,840 × 3 = 2,60,99,520 ಬೈಟ್

ಇದೇ ಸುಮಾರು 26 ಎಂಬಿ. ಬಿಎಂಪಿ ಸಾಮಾನ್ಯವಾಗಿ ಈ ಅಂಕಿಗಳನ್ನು ಇದ್ದ ಹಾಗೆಯೇ ಒಂದೊಂದಾಗಿ ಬರೆದಿಡುತ್ತದೆ. ಹಾಳೆಯಲ್ಲಿ ಏನೂ ಬರೆಯದಿದ್ದರೂ 26 ಎಂಬಿ, ತುಂಬ ಬರೆದಿದ್ದರೂ 26 ಎಂಬಿ. ಖಾಲಿ ಹಾಳೆಗೂ ಅಷ್ಟೇ ಜಾಗ ಬೇಕು ಎಂದರೆ ಅಲ್ಲಿ ಎಷ್ಟೋ ಜಾಗ ಪೋಲಾಗುತ್ತಿದೆ ಎಂದೇ ಅರ್ಥ. ಆ ಪೋಲನ್ನು ಮಾತ್ರ ತೆಗೆದು, ಒಂದು ಅಂಕಿಯನ್ನೂ ಬದಲಾಯಿಸದೆ ಗಾತ್ರ ಇಳಿಸುವುದಕ್ಕೆ ಲಾಸ್‌ಲೆಸ್, ಅಂದರೆ ನಷ್ಟವಿಲ್ಲದ ಸಂಕೋಚನ ಎನ್ನುತ್ತಾರೆ.

ನಷ್ಟವಿಲ್ಲದೆ ಚಿಕ್ಕದಾಗುವುದು ಹೇಗೆ?

ಇದಕ್ಕೆ ಮುಖ್ಯವಾಗಿ ಮೂರು ಉಪಾಯಗಳಿವೆ. ಕಾಮರ್ಸ್ ಓದುವ ನಮಗೆ ಮೂರೂ ಸುಲಭವಾಗಿ ಅರ್ಥವಾಗುತ್ತವೆ.

1. 'ಮೇಲಿನಂತೆ' ಎಂದು ಬರೆಯುವುದು. ಲೆಕ್ಕದ ಪುಸ್ತಕದಲ್ಲಿ ಒಂದೇ ಹೆಸರು ಹತ್ತು ಸಾಲಿನಲ್ಲಿ ಬಂದರೆ ಹತ್ತು ಸಲ ಬರೆಯುವುದಿಲ್ಲ. ಒಮ್ಮೆ ಬರೆದು, ಕೆಳಗೆ 'ಮೇಲಿನಂತೆ' ಎಂಬ ಗುರುತು ಹಾಕುತ್ತೇವೆ. ಕಂಪ್ಯೂಟರ್ ಕೂಡ "ಇಷ್ಟು ಹಿಂದೆ ಹೋಗು, ಅಲ್ಲಿಂದ ಇಷ್ಟು ಅಂಕಿ ಮತ್ತೆ ಬರೆ" ಎಂದು ಗುರುತು ಹಾಕಿಕೊಳ್ಳುತ್ತದೆ. ಈ ವಿಧಾನವನ್ನು ಲೆಂಪಲ್ ಮತ್ತು ಝಿವ್ ಎಂಬ ಇಬ್ಬರು 1977ರಲ್ಲಿ ಪ್ರಕಟಿಸಿದರು.

2. ವ್ಯತ್ಯಾಸ ಮಾತ್ರ ಬರೆಯುವುದು. ಕಾಗದದ ಬಣ್ಣ ಪಕ್ಕಪಕ್ಕದ ಪಿಕ್ಸೆಲ್‌ಗಳಲ್ಲಿ ಬಹುತೇಕ ಒಂದೇ ಇರುತ್ತದೆ. ಉದಾಹರಣೆಗೆ 200, 201, 203, 203, 204. ಇದನ್ನು 200, +1, +2, 0, +1 ಎಂದು ಬರೆಯಬಹುದು. ಆರಂಭಿಕ ಶಿಲ್ಕು ಮತ್ತು ದಿನದಿನದ ವ್ಯತ್ಯಾಸ ಗೊತ್ತಿದ್ದರೆ ಯಾವ ದಿನದ ಶಿಲ್ಕನ್ನಾದರೂ ತೆಗೆಯಬಹುದಲ್ಲವೇ, ಹಾಗೆ. ವ್ಯತ್ಯಾಸ ಬರೆದದ್ದರಿಂದಲೇ ಜಾಗ ಉಳಿಯುವುದಿಲ್ಲ. ಆದರೆ ಈಗ 0, 1, 2 ರಂಥ ಸಣ್ಣ ಅಂಕಿಗಳೇ ಮತ್ತೆ ಮತ್ತೆ ಬರುವುದರಿಂದ ಉಳಿದ ಎರಡು ಉಪಾಯಗಳ ಕೆಲಸ ಸುಲಭವಾಗುತ್ತದೆ.

3. ಹೆಚ್ಚು ಬರುವುದಕ್ಕೆ ಚಿಕ್ಕ ಹೆಸರು. ದಿನಾ ಬರುವ ಗಿರಾಕಿಗೆ ಅಂಗಡಿಯವರು ಪುಸ್ತಕದಲ್ಲಿ ಒಂದೇ ಅಕ್ಷರದ ಗುರುತು ಇಟ್ಟುಕೊಳ್ಳುತ್ತಾರೆ, ಅಪರೂಪಕ್ಕೆ ಬರುವವರ ಪೂರ್ತಿ ಹೆಸರು ಬರೆಯುತ್ತಾರೆ. 16 ಪಿಕ್ಸೆಲ್‌ಗಳಲ್ಲಿ ಬಿಳಿ 10, ಕಂದು 3, ಕಪ್ಪು 2, ಕೆಂಪು 1 ಇವೆ ಎಂದುಕೊಳ್ಳಿ. ನಾಲ್ಕು ಬಣ್ಣಕ್ಕೂ ಸಮನಾಗಿ 2 ಬಿಟ್ ಕೊಟ್ಟರೆ ಒಟ್ಟು 32 ಬಿಟ್ ಬೇಕು. ಅದರ ಬದಲು ಬಿಳಿಗೆ 0, ಕಂದಿಗೆ 10, ಕಪ್ಪಿಗೆ 110, ಕೆಂಪಿಗೆ 111 ಎಂದು ಕೊಟ್ಟರೆ 10 + 6 + 6 + 3 = 25 ಬಿಟ್ ಸಾಕು. ಯಾವ ಗುರುತೂ ಇನ್ನೊಂದು ಗುರುತಿನ ಆರಂಭವಾಗಿಲ್ಲ, ಆದ್ದರಿಂದ ಓದುವಾಗ ಗೊಂದಲವಾಗುವುದಿಲ್ಲ. ಇದನ್ನು ಕಂಡುಹಿಡಿದವರು ಡೇವಿಡ್ ಹಫ್‌ಮನ್. 1952ರಲ್ಲಿ ಇದು ಪ್ರಕಟವಾಯಿತು. ಅವರು ಅಮೆರಿಕದ ಎಂಐಟಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ತರಗತಿಯ ಪ್ರಬಂಧಕ್ಕಾಗಿ ಇದನ್ನು ಯೋಚಿಸಿದ್ದು ಎಂಬುದು ನಮ್ಮಂಥ ವಿದ್ಯಾರ್ಥಿಗಳು ನೆನಪಿಡಬೇಕಾದ ಸಂಗತಿ.

ಮೂರು ಉಪಾಯದಲ್ಲೂ ಒಂದು ವಿಷಯ ಗಮನಿಸಿ. ಬರೆದ ರೀತಿ ಬದಲಾಯಿತು, ಬರೆದ ವಿಷಯ ಬದಲಾಗಲಿಲ್ಲ. ಹಿಂದಕ್ಕೆ ಬಿಡಿಸಿದರೆ ಅದೇ ಅಂಕಿಗಳು ಸಿಗುತ್ತವೆ.

ಜೆಪೆಗ್ ಏನು ಮಾಡುತ್ತದೆ?

1992ರಲ್ಲಿ ಬಂದ ಜೆಪೆಗ್‌ನ ದಾರಿ ಬೇರೆ. ಅದು ಚಿತ್ರವನ್ನು 8 × 8 ಪಿಕ್ಸೆಲ್‌ಗಳ ತುಂಡುಗಳಾಗಿ ಮಾಡುತ್ತದೆ. ಪ್ರತಿ ತುಂಡಿನಲ್ಲಿ ಬಣ್ಣ ನಿಧಾನವಾಗಿ ಬದಲಾಗುವ ಭಾಗ ಎಷ್ಟು, ಥಟ್ಟನೆ ಬದಲಾಗುವ ಭಾಗ ಎಷ್ಟು ಎಂದು ಲೆಕ್ಕ ಹಾಕುತ್ತದೆ. ಆಮೇಲೆ ಆ ಅಂಕಿಗಳನ್ನು ಭಾಗಿಸಿ, ಹತ್ತಿರದ ಪೂರ್ಣಾಂಕಕ್ಕೆ ತರುತ್ತದೆ. ನಾವು ಪೈಸೆ ಬಿಟ್ಟು ರೂಪಾಯಿ ಬರೆಯುವ ಹಾಗೆ. ಗುಣಮಟ್ಟ ಕಡಿಮೆ ಮಾಡಿದಷ್ಟೂ ಬಿಡುವುದು ಜಾಸ್ತಿ. ಪೈಸೆ ಹೋಗಿ, ರೂಪಾಯಿ ಹೋಗಿ, ನೂರರ ಲೆಕ್ಕಕ್ಕೆ ಬರುತ್ತದೆ. ಹೀಗೆ ಬಿಟ್ಟದ್ದನ್ನು ಮತ್ತೆ ತರಲು ಆಗುವುದಿಲ್ಲ.

ಮದುವೆ ಫೋಟೋದಲ್ಲಿ ಇದು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಫೋಟೋಗಳಿಗೆ ಜೆಪೆಗ್ ತುಂಬ ಉಪಯುಕ್ತ. ಆದರೆ ಬರಹದಲ್ಲಿ ಥಟ್ಟನೆ ಬದಲಾಗುವ ಸಣ್ಣ ಗುರುತುಗಳೇ ಮುಖ್ಯ. ಉರ್ದುವಿನಲ್ಲಿ ಖುದಾ ಮತ್ತು ಜುದಾ ಎಂಬ ಎರಡು ಪದಗಳಿಗೆ ಇರುವ ವ್ಯತ್ಯಾಸ ಒಂದು ಚುಕ್ಕೆ ಮೇಲಿದೆಯೋ ಕೆಳಗಿದೆಯೋ ಎಂಬುದು ಮಾತ್ರ. ಒಂದರ ಅರ್ಥ ದೇವರು, ಇನ್ನೊಂದರ ಅರ್ಥ ಬೇರೆಯಾದದ್ದು. ಕನ್ನಡದಲ್ಲೂ ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಪುಟ್ಟ ಗೀರು. ಅಕೌಂಟ್ಸ್‌ನಲ್ಲಿ ದಶಮಾಂಶದ ಬಿಂದು ಹೋದರೆ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ. ಜೆಪೆಗ್ ಫೈಲನ್ನು ತೆರೆದು, ತಿದ್ದಿ, ಮತ್ತೆ ಮತ್ತೆ ಜೆಪೆಗ್ ಆಗಿಯೇ ಉಳಿಸಿದರೆ ನಷ್ಟ ಸೇರುತ್ತಾ ಹೋಗುತ್ತದೆ. ಯಂತ್ರಕ್ಕೆ ಪ್ರತಿ ವರ್ಷ ಸವಕಳಿ ತೆಗೆದ ಹಾಗೆ ಎಂದು ನೆನಪಿಟ್ಟುಕೊಳ್ಳಬಹುದು.

ಯಾವ ಫಾರ್ಮ್ಯಾಟ್ ಎಂಥದ್ದು?

ಬಿಎಂಪಿ: ಸಾಮಾನ್ಯವಾಗಿ ಸಂಕೋಚನವೇ ಇಲ್ಲ. ನಷ್ಟವಿಲ್ಲ, ಆದರೆ ಬಹಳ ದೊಡ್ಡದು.

ಟಿಫ್: ಸ್ಕ್ಯಾನರ್‌ಗಳಲ್ಲಿ ಹೆಚ್ಚು ಬಳಕೆ. ಇದು ಒಂದು ಡಬ್ಬಿ ಇದ್ದಂತೆ. ಒಳಗೆ ಸಂಕೋಚನ ಇಲ್ಲದ ಚಿತ್ರ ಇರಬಹುದು, ನಷ್ಟವಿಲ್ಲದ ಸಂಕೋಚನ ಇರಬಹುದು, ಜೆಪೆಗ್ ಕೂಡ ಇರಬಹುದು. ಹೆಸರು ನೋಡಿ ನಂಬಬೇಡಿ.

ಗಿಫ್: 1987ರಲ್ಲಿ ಕಾಂಪುಸರ್ವ್ ಕಂಪನಿ ತಂದದ್ದು. ಒಂದು ಚಿತ್ರದಲ್ಲಿ 256 ಬಣ್ಣ ಮಾತ್ರ. ಬಣ್ಣದ ಸ್ಕ್ಯಾನ್‌ನಲ್ಲಿ ಸಾವಿರಾರು ಛಾಯೆಗಳಿರುವುದರಿಂದ ಗಿಫ್‌ಗೆ ಬದಲಾಯಿಸಿದರೆ ಬಣ್ಣ ಕಳೆದುಹೋಗುತ್ತದೆ.

ಪಿಎನ್‌ಜಿ: ಗಿಫ್‌ನಲ್ಲಿ ಬಳಸುತ್ತಿದ್ದ ಸಂಕೋಚನ ವಿಧಾನಕ್ಕೆ ಯುನಿಸಿಸ್ ಕಂಪನಿಯ ಪೇಟೆಂಟ್ ಇತ್ತು. ಆ ವಿಧಾನ ಬಳಸುವ ಸಾಫ್ಟ್‌ವೇರ್‌ಗಳು ಹಣ ಕೊಡಬೇಕು ಎಂಬ ಪ್ರಕಟಣೆ 1994ರ ಕೊನೆಯಲ್ಲಿ ಬಂತು. ಆಗ ಕೆಲವು ತಜ್ಞರು ಸೇರಿ ಯಾರೂ ಹಣ ಕೊಡದೆ ಬಳಸಬಹುದಾದ ಪಿಎನ್‌ಜಿಯನ್ನು ರೂಪಿಸಿದರು. 1996ರ ಅಕ್ಟೋಬರಿನಲ್ಲಿ ಅದಕ್ಕೆ ಅಧಿಕೃತ ಮನ್ನಣೆ ಸಿಕ್ಕಿತು. ಮೇಲೆ ಹೇಳಿದ ಮೂರು ಉಪಾಯಗಳೂ ಇದರಲ್ಲಿವೆ. ಪಿಎನ್‌ಜಿ ಯಾವ ಕಂಪ್ಯೂಟರಿನಲ್ಲೂ, ಮೊಬೈಲ್‌ನಲ್ಲೂ ತೆರೆಯುತ್ತದೆ.

ವೆಬ್‌ಪಿ: 2010ರಲ್ಲಿ ಗೂಗಲ್ ಪ್ರಕಟಿಸಿದ್ದು. ಇದರಲ್ಲಿ ನಷ್ಟ ಇರುವ ಬಗೆ, ನಷ್ಟವಿಲ್ಲದ ಬಗೆ ಎರಡೂ ಇವೆ. ಮುಂದಿನ ಪಿಕ್ಸೆಲ್ ಏನಿರಬಹುದು ಎಂದು ಊಹಿಸಿ ವ್ಯತ್ಯಾಸ ಬರೆಯಲು ನಷ್ಟವಿಲ್ಲದ ವೆಬ್‌ಪಿಯಲ್ಲಿ 14 ವಿಧಾನಗಳಿವೆ. ಪಿಎನ್‌ಜಿಯಲ್ಲಿ ಇರುವುದು ಐದು, ಅದರಲ್ಲೂ ಒಂದು 'ಏನೂ ಮಾಡಬೇಡ' ಎಂಬುದು. ಆದ್ದರಿಂದ ವೆಬ್‌ಪಿ ಸಾಮಾನ್ಯವಾಗಿ ಇನ್ನೂ ಚಿಕ್ಕದಾಗುತ್ತದೆ. ಗೂಗಲ್ ಕೊಡುವ ಲೆಕ್ಕದ ಪ್ರಕಾರ ಪಿಎನ್‌ಜಿಗಿಂತ ಶೇಕಡ 26ರಷ್ಟು ಕಡಿಮೆ.

ನನ್ನ 64 ಪುಟಗಳಿಗೆ ಏನಾಯಿತು? ಬಿಎಂಪಿಯಲ್ಲಿ ಒಂದು ಪುಟ 26 ಎಂಬಿ ಇದ್ದದ್ದು ಪಿಎನ್‌ಜಿಯಲ್ಲಿ ಸುಮಾರು 15 ಎಂಬಿ, ನಷ್ಟವಿಲ್ಲದ ವೆಬ್‌ಪಿಯಲ್ಲಿ ಸುಮಾರು 11 ಎಂಬಿ ಆಯಿತು. 64 ಪುಟಕ್ಕೆ ಲೆಕ್ಕ ಹಾಕಿ. ಪಿಎನ್‌ಜಿಯಲ್ಲಿ ಸುಮಾರು 960 ಎಂಬಿ, ವೆಬ್‌ಪಿಯಲ್ಲಿ ಸುಮಾರು 704 ಎಂಬಿ. ನನ್ನ ಪೆನ್‌ಡ್ರೈವಿನಲ್ಲಿ 1 ಜಿಬಿ ಜಾಗ ಇತ್ತು. ಅಂದರೆ ಒಂದು ಚುಕ್ಕೆಯನ್ನೂ ಕಳೆಯದೆ ಎಲ್ಲವೂ ಅವತ್ತೇ ಅದರಲ್ಲಿ ಹಿಡಿಸುತ್ತಿತ್ತು. ಈ ಲೆಕ್ಕ ಗೊತ್ತಾದ ದಿನ ನನಗೆ ತುಂಬ ಬೇಜಾರಾಯಿತು.

ಎಲ್ಲ ಚಿತ್ರವೂ ಇಷ್ಟೇ ಇಳಿಯುತ್ತದೆ ಎಂದಲ್ಲ. ಕಂಪ್ಯೂಟರ್ ಪರದೆಯ ಸ್ಕ್ರೀನ್‌ಶಾಟ್, ಗ್ರಾಫ್, ಅಚ್ಚಾದ ಅಕ್ಷರ ಇರುವ ಚಿತ್ರಗಳಲ್ಲಿ ಒಂದೇ ಬಣ್ಣ ಮತ್ತೆ ಮತ್ತೆ ಬರುವುದರಿಂದ ಅವು ಬಹಳ ಚಿಕ್ಕದಾಗುತ್ತವೆ. ಹಳೆಯ ಕಾಗದದಲ್ಲಿ ನಾರು, ಕಲೆ, ಧೂಳು ಎಲ್ಲ ಇರುವುದರಿಂದ ಕಡಿಮೆ ಇಳಿಯುತ್ತದೆ.

ಮಾಡುವ ಕ್ರಮ

ಜಿಂಪ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು.

1. ಮೊದಲು ಮೂಲ ಫೈಲನ್ನು ಬೇರೆ ಫೋಲ್ಡರಿಗೆ ನಕಲು ಮಾಡಿ. ಕೆಲಸ ನಕಲಿನ ಮೇಲೆ ಮಾಡಿ.
2. ಫೈಲನ್ನು ಜಿಂಪ್‌ನಲ್ಲಿ ತೆರೆಯಿರಿ. ಅಳತೆ, ಬಣ್ಣ, ಹೊಳಪು ಯಾವುದನ್ನೂ ಮುಟ್ಟಬೇಡಿ.
3. ಫೈಲ್ ಮೆನುವಿನಲ್ಲಿ 'ಎಕ್ಸ್‌ಪೋರ್ಟ್ ಆ್ಯಸ್' ಆರಿಸಿ, ಹೆಸರಿನ ಕೊನೆಯಲ್ಲಿ ಪಿಎನ್‌ಜಿ ಅಥವಾ ವೆಬ್‌ಪಿ ಎಂದು ಕೊಡಿ.
4. ಪಿಎನ್‌ಜಿ ಆದರೆ ಸಂಕೋಚನದ ಮಟ್ಟ 0ಯಿಂದ 9ರ ವರೆಗೆ ಕೇಳುತ್ತದೆ. 9 ಕೊಡಿ. ಇದು ಜೆಪೆಗ್‌ನ ಗುಣಮಟ್ಟದ ಅಂಕಿಯಂಥದ್ದಲ್ಲ. 9 ಕೊಟ್ಟರೂ ನಷ್ಟವಿಲ್ಲ, ಸಮಯ ಸ್ವಲ್ಪ ಹೆಚ್ಚು ಹಿಡಿಯುತ್ತದೆ ಅಷ್ಟೇ.
5. ವೆಬ್‌ಪಿ ಆದರೆ 'ಲಾಸ್‌ಲೆಸ್' ಎಂಬ ಚೌಕಕ್ಕೆ ತಪ್ಪದೆ ಗುರುತು ಹಾಕಿ. ಮರೆತರೆ ನಷ್ಟ ಇರುವ ಬಗೆಯಾಗಿ ಹೋಗಬಹುದು.

ತಾಳೆ ನೋಡುವುದು

ಇದು ಪಾಠದ ಮುಖ್ಯ ಭಾಗ. ತಾಳೆಪಟ್ಟಿ ಮಾಡದೆ ಅಂತಿಮ ಲೆಕ್ಕಕ್ಕೆ ಹೋಗುವುದಿಲ್ಲ ಅಲ್ಲವೇ? ಹಾಗೆಯೇ ತಾಳೆ ನೋಡದೆ ಮೂಲ ಫೈಲನ್ನು ಅಳಿಸಬಾರದು.

ಜಿಂಪ್‌ನಲ್ಲಿ ಮೂಲ ಫೈಲ್ ತೆರೆಯಿರಿ. 'ಓಪನ್ ಆ್ಯಸ್ ಲೇಯರ್ಸ್' ಮೂಲಕ ಹೊಸ ಫೈಲನ್ನು ಅದರ ಮೇಲೆ ತನ್ನಿ. ಮೇಲಿನ ಲೇಯರಿನ ಮೋಡ್ 'ಡಿಫರೆನ್ಸ್' ಮಾಡಿ. ಈಗ ಪ್ರತಿ ಪಿಕ್ಸೆಲ್‌ನಲ್ಲೂ ಎರಡರ ನಡುವಿನ ವ್ಯತ್ಯಾಸ ಮಾತ್ರ ಕಾಣುತ್ತದೆ. ವ್ಯತ್ಯಾಸ 0 ಇದ್ದಲ್ಲಿ ಕಪ್ಪು. ಪೂರ್ತಿ ಕಪ್ಪಾದರೆ ಎರಡೂ ಒಂದೇ.

ಆದರೆ 1 ಅಥವಾ 2ರ ವ್ಯತ್ಯಾಸ ನಮ್ಮ ಕಣ್ಣಿಗೆ ಕಪ್ಪಾಗಿಯೇ ಕಾಣುತ್ತದೆ. ಆದ್ದರಿಂದ ಎರಡೂ ಲೇಯರ್‌ಗಳನ್ನು 'ಫ್ಲ್ಯಾಟನ್' ಮಾಡಿ, ಹಿಸ್ಟೋಗ್ರಾಂ ತೆರೆದು, 1ರಿಂದ 255ರ ವರೆಗಿನ ಭಾಗ ಆರಿಸಿ. ಅಲ್ಲಿ ಪಿಕ್ಸೆಲ್‌ಗಳ ಎಣಿಕೆ 0 ಎಂದು ಬರಬೇಕು. ಬಂದರೆ ಲೆಕ್ಕ ತಾಳೆಯಾಯಿತು. ನೋಡಿದ ಮೇಲೆ ಉಳಿಸದೆ ಮುಚ್ಚಿ. ನಾನು ನನ್ನ ಹಳೆಯ ಜೆಪೆಗ್ ಪುಟವನ್ನು ಮೂಲದ ಅಳತೆಗೆ ಹಿಗ್ಗಿಸಿ ಹೀಗೆ ನೋಡಿದೆ. ಕಪ್ಪು ಹಾಳೆಯ ಮೇಲೆ ದಾದಾ ಅವರ ಬರಹದ ಅಂಚುಗಳೆಲ್ಲ ಬೂದು ಬಣ್ಣದಲ್ಲಿ ಮೂಡಿದವು. ಅಷ್ಟೆಲ್ಲ ನಾನು ಕಳೆದಿದ್ದೆ.

ಕೆಲವು ಎಚ್ಚರಿಕೆಗಳು

• ಜೆಪೆಗ್ ಫೈಲನ್ನು ಪಿಎನ್‌ಜಿ ಮಾಡಿದರೆ ಕಳೆದದ್ದು ವಾಪಸ್ ಬರುವುದಿಲ್ಲ. ಗಾತ್ರ ಮಾತ್ರ ಸಾಮಾನ್ಯವಾಗಿ ಹೆಚ್ಚುತ್ತದೆ.

• ಬಣ್ಣದ ಚಿತ್ರವನ್ನು ಕಪ್ಪು ಬಿಳುಪು ಛಾಯೆಗೆ ಇಳಿಸಿದರೆ ಪಿಕ್ಸೆಲ್‌ಗೆ 3 ಬೈಟ್ ಬದಲು 1 ಬೈಟ್ ಸಾಕು. ಆದರೆ ಅದು ನಷ್ಟವೇ. ನಮ್ಮ ದಾದಾ ಪುಸ್ತಕದಲ್ಲಿ ಕೆಂಪು ಗೆರೆ ಎಂದರೆ ಸಾಲ ತೀರಿದೆ ಎಂದು ಅರ್ಥ. ಬಣ್ಣ ಹೋದರೆ ತೀರಿದ್ದು ಯಾವುದು, ಬರೀ ಅಡಿಗೆರೆ ಯಾವುದು ಗೊತ್ತಾಗುವುದಿಲ್ಲ.

• ಕೆಲವು ಸ್ಕ್ಯಾನರ್‌ಗಳು ಪ್ರತಿ ಬಣ್ಣಕ್ಕೆ 8 ಬಿಟ್ ಬದಲು 16 ಬಿಟ್‌ನಲ್ಲಿ ಟಿಫ್ ಫೈಲ್ ಕೊಡುತ್ತವೆ. ಪಿಎನ್‌ಜಿ 16 ಬಿಟ್ ಹಿಡಿದುಕೊಳ್ಳುತ್ತದೆ. ವೆಬ್‌ಪಿ 8 ಬಿಟ್ ಮಾತ್ರ. ಅಂಥ ಫೈಲುಗಳಿಗೆ ಪಿಎನ್‌ಜಿಯೇ ಸರಿ.

• ಮೊಬೈಲ್ ಮೆಸೇಜಿನಲ್ಲಿ ಫೋಟೋ ಎಂದು ಕಳಿಸಿದರೆ ಆ್ಯಪ್ ಸಾಮಾನ್ಯವಾಗಿ ಅದನ್ನು ತಾನೇ ಇಳಿಸಿ ಕಳಿಸುತ್ತದೆ. ಮುಖ್ಯ ಕಾಗದಗಳನ್ನು ಡಾಕ್ಯುಮೆಂಟ್ ಎಂದು ಕಳಿಸಿ.

• ಅರ್ಜಿ ಹಾಕುವಾಗ ಇಷ್ಟೇ ಕೆಬಿ ಇರಬೇಕು, ಜೆಪೆಗ್ ಆಗಿರಬೇಕು ಎಂದು ಕೇಳುತ್ತಾರೆ. ಅದಕ್ಕೆ ಜೆಪೆಗ್ ಮಾಡಿಕೊಡಿ, ತಪ್ಪಿಲ್ಲ. ಆದರೆ ನಷ್ಟವಿಲ್ಲದ ಪ್ರತಿ ನಿಮ್ಮ ಹತ್ತಿರ ಇರಲಿ.

ನೀವೇ ಮಾಡಿ ನೋಡಿ

1. 150, 150, 151, 153, 152, 152 ಎಂಬ ಸಾಲನ್ನು ಆರಂಭದ ಅಂಕಿ ಮತ್ತು ವ್ಯತ್ಯಾಸಗಳಾಗಿ ಬರೆಯಿರಿ. ಮತ್ತೆ ಹಿಂದಕ್ಕೆ ಬಿಡಿಸಿ.
2. 1,000 × 800 ಪಿಕ್ಸೆಲ್ ಬಣ್ಣದ ಚಿತ್ರ ಸಂಕೋಚನ ಇಲ್ಲದೆ ಎಷ್ಟು ಬೈಟ್ ಆಗುತ್ತದೆ?
3. ನಿಮ್ಮ ಮನೆಯ ಒಂದು ಕಾಗದವನ್ನು ಸ್ಕ್ಯಾನ್ ಮಾಡಿ, ಪಿಎನ್‌ಜಿ ಮತ್ತು ಗುಣಮಟ್ಟ 20ರ ಜೆಪೆಗ್ ಎರಡನ್ನೂ ಮೂಲದೊಂದಿಗೆ ತಾಳೆ ನೋಡಿ.

ಕೊನೆಯ ಮಾತು

ಕುರ್‌ಆನಿನ ಅಲ್ ಬಕರಾ ಅಧ್ಯಾಯದ 282ನೇ ವಚನ ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಹೇಳುತ್ತದೆ. ಸಾಲಗಾರ ಬರೆಸುವಾಗ ಅದರಲ್ಲಿ ಏನನ್ನೂ ಕಡಿಮೆ ಮಾಡಬಾರದು ಎಂದೂ ಅದೇ ವಚನದಲ್ಲಿದೆ. ಚಿಕ್ಕಂದಿನಿಂದ ಇದನ್ನು ಕೇಳಿದ್ದೆ, ಬರೆಯುವವರಿಗೆ ಮಾತ್ರ ಹೇಳಿದ್ದು ಎಂದುಕೊಂಡಿದ್ದೆ. ಬರೆದದ್ದನ್ನು ನಕಲು ಮಾಡಿ ಇಡುವವರಿಗೂ ಅದು ಸಲ್ಲುತ್ತದೆ ಎಂದು ಈಗ ಅನಿಸುತ್ತದೆ. ದಾದಾ ಪುಸ್ತಕದ 64 ಪುಟಗಳು ಈಗ ಪಿಎನ್‌ಜಿಯಲ್ಲಿ ಮೂರು ಕಡೆ ಇವೆ. ಪ್ರತಿ ಪುಟವನ್ನೂ ತಾಳೆ ನೋಡಿದ್ದೇನೆ. ಇನ್ನೂ ಇಬ್ಬರಿಗೆ ಹಣ ಕೊಡುವುದಿದೆ. ಅವರ ಪುಟಗಳನ್ನು ದಾದಿ ಪಕ್ಕದಲ್ಲಿ ಕುಳಿತು ಪರದೆಯ ಮೇಲೆ ದೊಡ್ಡದು ಮಾಡಿ ಓದುತ್ತಿದ್ದೇವೆ, ಒಂದೊಂದು ಚುಕ್ಕೆಯನ್ನೂ ಎಣಿಸಿ.